ಪೇಟಿಯೊಳಗಿನ ಕುಂಕುಮ

ಹಳೆಯ ಪೇಟಿ ಎಲ್ಲಿ ಕಂಡರೂ ಅದರ ಹೊಟ್ಟೆಯೊಳಗೆ ಇಣುಕಿ ನೋಡುವ ಚಾಳಿ ನನಗೆ. ಈಗ ಎಲ್ಲರೂ ಹಾರ್ಮೋನಿಯಂ ಅನ್ನುತ್ತಾರೆ, ನಮ್ಮ ಬಾಯಿಗೆ ಅದು ಪೇಟಿಯೇ. ಮೊನ್ನೆ ಮೊಮ್ಮಗಳ ಶಾಲೆಯಲ್ಲಿ ಗಣಪತಿಯ ಮುಂದೆ ಒಂದು ಇಟ್ಟಿದ್ದರು. ಯಾರೂ ಇಲ್ಲದ್ದು ನೋಡಿ ಮೇಲಿನ ಹಲಗೆ ಸರಿಸಲು ಹೋದೆ. ಎಲ್ಲಿದ್ದರೋ ಅಲ್ಲಿನ ಮಾಸ್ತರು, ಓಡಿ ಬಂದು, "ಅಜ್ಜೀ, ಅದು ಡಬ್ಬಿ ಅಲ್ರಿ, ಒಳಗ ಚಕ್ಕುಲಿ ಇರೂದಿಲ್ಲ" ಅಂದರು. ಅವರ ಬೆನ್ನಿಗೆ ಬಂದ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಊಟ ಸೇರಲಿಲ್ಲ.

ಈ ಚಾಳಿ ಹಚ್ಚಿದವರು ನಮ್ಮ ಪೇಟಿ ಅಕ್ಕೋರು. ಅವರ ಹೆಸರು ಬರೆಯುವುದಿಲ್ಲ. ನಮಗೆ ಗೊತ್ತಿದ್ದದ್ದು ನಾಟಕ ಕಂಪನಿಯವರು ಬೋರ್ಡಿನ ಮೇಲೆ ಬರೆಸಿದ್ದ ಹೆಸರು. ತಾಯಿ ಇಟ್ಟ ಹೆಸರನ್ನು ಅವರು ಒಬ್ಬರಿಗೆ ಮಾತ್ರ ಹೇಳಿದ್ದರಂತೆ, ಆ ಒಬ್ಬರು ತೀರಿಕೊಂಡಿದ್ದರು. ಓಣಿಯ ಹೆಣ್ಣುಮಕ್ಕಳಿಗೆ ಹಾಡು ಕಲಿಸುತ್ತಿದ್ದುದರಿಂದ ಅಕ್ಕೋರು, ಪೇಟಿಯ ಹುಚ್ಚಿನಿಂದ ಪೇಟಿ ಅಕ್ಕೋರು. ನಮ್ಮ ಅತ್ತೆ ಒಬ್ಬರು ಮಾತ್ರ ಕೊನೆಯವರೆಗೆ "ಆ ಕಂಪನಿಯಾಕಿ" ಅನ್ನುತ್ತಿದ್ದರು. ಕೊನೆಯವರೆಗೆ ಅಂದೆನಲ್ಲ, ಕೊನೆಯ ಒಂದು ದಿನ ಬಿಟ್ಟು.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದು ಇನ್ನೂ ಹೊಸತು. ಮನೆಯಲ್ಲಿ ಮಗ್ಗ, ಅಂಗಳದ ಆಚೆ ನೂಲು ಇಡುವ ಒಂದು ಖೋಲಿ. ನಾಟಕದ ಹುಚ್ಚಿನ ನಮ್ಮ ಮಾವ ಒಂದು ಸಂಜೆ ಬಸ್ ಸ್ಟ್ಯಾಂಡಿನಿಂದ ಈ ಹೆಂಗಸನ್ನು, ಅವರ ತಗಡಿನ ಟ್ರಂಕನ್ನು ಕರೆದುಕೊಂಡು ಬಂದು, "ಇವರು ಆ ಖೋಲ್ಯಾಗ ಇರ್ತಾರ" ಅಂದುಬಿಟ್ಟರು. ಅತ್ತೆ ಸುಮ್ಮನಿರುವವರೆ? ಚಹಾ ಕೊಡುವ ಮೊದಲೇ ಶುರುಮಾಡಿದರು.

"ಗಂಡ ಯಾರವ್ವ ನಿನಗ?"

"ಕಂಪನಿ ಪೇಟಿ ಮಾಸ್ತರ್ರು. ಹೋಗಿಬಿಟ್ರು, ಎರಡು ವರ್ಷಾತು."

"ತಾಳಿ?"

"ಅವರಽ ಹೋದ ಮ್ಯಾಲೆ ತಾಳಿ ಯಾಕ್ರಿ?"

"ಈಗಿಂದಲ್ಲ ಕೇಳಿದ್ದು. ಮೊದಲರೆ ಇತ್ತೇನು?"

ಅಕ್ಕೋರು ಬಸಿಯಲ್ಲಿ ಚಹಾ ಹುಯ್ದುಕೊಂಡು, ಸದ್ದಾಗದಂತೆ ಕುಡಿದು, ಬಸಿಯನ್ನು ತಾವೇ ತೊಳೆದಿಟ್ಟರು. ಅತ್ತೆಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಕ್ಕಿತು. ಅಂದಿನಿಂದ ಆ ಬಸಿ ಬೇರೆ, ನಮ್ಮ ಬಸಿ ಬೇರೆ.

ಗಂಡಸರ ಎದುರು ತಲೆಯ ಮೇಲೆ ಸೆರಗು ಹೊದೆಯುತ್ತಿರಲಿಲ್ಲ ಅವರು. ಎಲೆ ಅಡಿಕೆ ಹಾಕುತ್ತಿದ್ದರು, ಮಾತು ಜೋರು, ನಗು ಇನ್ನೂ ಜೋರು. ಅತ್ತೆಯ ದೂರುಗಳಿಗೆ ಇಷ್ಟು ಸಾಕಾಗಿತ್ತು. ನನಗೆ ಮಾತ್ರ ಅವರ ಖೋಲಿಯೇ ತವರುಮನೆಯಾಯಿತು. ಅವರು ರಾಟೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಬಲಗೈ ರಾಟೆ ತಿರುಗಿಸುತ್ತಿದ್ದರೆ, ಎಡಗೈ ಬಿಡುವಾದಾಗೆಲ್ಲ ನೆಲದ ಮೇಲೆ ಇಲ್ಲದ ಮನೆಗಳನ್ನು ಒತ್ತುತ್ತಿತ್ತು. ಪೇಟಿಯ ಬಿಳಿ ಕರಿ ಪಟ್ಟಿಗಳಿಗೆ ಮನೆ ಅನ್ನುತ್ತಾರೆ. "ಏನು ಬಾರಿಸ್ತೀರಿ?" ಅಂದರೆ, "ನಾನಲ್ಲವಾ, ಅವರು. ನಾ ಹಾಡಾಕಿ" ಅನ್ನುತ್ತಿದ್ದರು.

ಅತ್ತೆಗೆ ಕೊಡದ ಉತ್ತರವನ್ನು ಹೀಗೆ ನೂಲು ಸುತ್ತುತ್ತ ಒಂದು ಮಧ್ಯಾಹ್ನ ನನಗೆ ಕೊಟ್ಟರು.

"ತಾಳಿ ಇತ್ತವಾ. ಕಂಪನೀದು. ಲಕ್ಷ್ಮೇಶ್ವರದಾಗ ಕ್ಯಾಂಪು. ಅವತ್ತಿನ ಆಟದಾಗ ಲಗ್ನದ ಸೀನು ಇತ್ತು, ಸಾಮಾನಿನ ಪೆಟ್ಟಿಗ್ಯಾಗ ಒಂದು ತಾಳಿ ಇಟ್ಟಿದ್ರು. ಮುಂಜಾನೆ ಇವರು ಅದನ್ನ ಕಿಸೇದಾಗ ಹಾಕ್ಕೊಂಡು ಬಂದ್ರು. ಊರ ಹೊರಗ ಹನುಮಪ್ಪನ ಗುಡಿ, ಪೂಜಾರಿನೂ ಇರಲಿಲ್ಲ, ಕಟ್ಟಿದ್ರು. ಸಂಜಿಗೆ ಆಟಕ್ಕ ಬೇಕಾತು, ಬಿಚ್ಚಿ ಕೊಟ್ಟೆ."

"ಆಮ್ಯಾಲೆ?"

"ಆಮ್ಯಾಲೇನು, ಅದಽ ತಾಳಿ ಅವತ್ತು ಸೀನಿನ್ಯಾಗ ಇನ್ನೊಬ್ಬ ನನ್ನ ಕೊಳ್ಳಿಗೆ ಕಟ್ಟಿದ. ಇವರು ಕೆಳಗ ಕುಂತು ಪೇಟಿ ಬಾರಿಸಿದ್ರು. ಜನ ಚಪ್ಪಾಳಿ ಹೊಡೀತು."

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಬೇರೆ ತಾಳಿ ಮಾಡಿಸೋಣ ಅನ್ನುತ್ತ ಅನ್ನುತ್ತ ಕ್ಯಾಂಪಿನಿಂದ ಕ್ಯಾಂಪಿಗೆ ಹೋದರಂತೆ. ಆದರೆ ಆ ವರ್ಷ ದಸರೆಯ ಖಂಡೇಪೂಜೆಗೆ ಮಾಸ್ತರರು ಒಂದು ಕೆಲಸ ಮಾಡಿದರು. ಖಂಡೇಪೂಜೆಗೆ ನಾವು ಮಗ್ಗ ತೊಳೆದು ಪೂಜಿಸುವ ಹಾಗೆ ಪೇಟಿಯವರು ಪೇಟಿಯನ್ನು ಬಿಚ್ಚಿ ಒರೆಸಿ ಪೂಜಿಸುತ್ತಾರೆ. ಅವರದು ಕಾಲುಪೇಟಿ, ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಪಾಯಿ ತುಳಿದು ತಿದಿ ಒತ್ತುವಂಥದು, ಸ್ವಂತದ್ದು. ಮನೆಗಳ ಹಲಗೆ ಎತ್ತಿ ಒಳಮೈ ತೋರಿಸಿ ಅಂದರಂತೆ: "ತಾಳಿ ಕಂಪನೀದು, ಪೇಟಿ ನಂದು. ನಿನ್ನ ಕುಂಕುಮ ಇದರಾಗ ಇಡು. ಇಲ್ಲಿಂದ ಯಾರೂ ಬಿಚ್ಚಿಕೊಳ್ಳೂದಿಲ್ಲ."

ಅಕ್ಕೋರು ಕುಂಕುಮವನ್ನು ಔಡಲೆಣ್ಣೆಯಲ್ಲಿ ಕಲಸಿ ಉಂಗುರ ಬೆರಳಿನಿಂದ ಒಂದು ಬೊಟ್ಟು ಇಟ್ಟರು. ಮುಂದಿನ ವರ್ಷ ಅದರ ಬಾಜೂಕ್ಕೆ ಇನ್ನೊಂದು. ವರ್ಷಕ್ಕೊಂದು ಬೊಟ್ಟಿನಂತೆ ಆ ಸಾಲು ಬೆಳೆಯಿತು. ಹೊರಗಿನವರು ಯಾರೂ ಕಾಣದ ಜಾಗದಲ್ಲಿ ಅವರ ಸಂಸಾರವೆಲ್ಲ ಅಷ್ಟೇ.

ಮಾಸ್ತರರು ಬಾದಾಮಿಯ ಕಡೆಯ ಕ್ಯಾಂಪಿನಲ್ಲಿ ಜ್ವರದಿಂದ ತೀರಿಕೊಂಡರು. ಅವರ ಅಣ್ಣ ನರಗುಂದದಿಂದ ಮೋಟಾರು ಮಾಡಿಕೊಂಡು ಬಂದ. ಹೆಣದ ಜತೆ ಹತ್ತಲು ಹೋದ ಅಕ್ಕೋರನ್ನು ಬಾಗಿಲಲ್ಲೇ ತಡೆದು, "ನೀ ಯಾರು?" ಅಂದ.

"ಹೆಂಡತಿ."

"ಯಾರು ನೋಡ್ಯಾರ?"

ಕಂಪನಿಯವರು ಅಲ್ಲೇ ನಿಂತಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಹೆಂಡತಿ ಅಂತಾದರೆ ಪೇಟಿ ಅವಳಿಗೆ ಹೋದೀತು ಅನ್ನುವುದು ಮಾಲಕನ ಲೆಕ್ಕ. ಮಣ್ಣಿಗೆ ಹೋಗಲು ಬಿಡಲಿಲ್ಲ, ಪೇಟಿಯನ್ನೂ ಕೊಡಲಿಲ್ಲ. ಮುಂದಿನ ವರ್ಷವೇ ಕಂಪನಿ ಮುರಿಯಿತು. ಪರದೆ, ಕಿರೀಟ, ಪೇಟಿ ಎಲ್ಲ ಲಿಲಾವಿನಲ್ಲಿ ಯಾರ್‍ಯಾರದೋ ಪಾಲಾಯಿತು. ಇಷ್ಟೆಲ್ಲ ಹೇಳಿ ಅಕ್ಕೋರು ತಮ್ಮ ಬರಿಯ ಹಣೆ ಮುಟ್ಟಿಕೊಂಡರು. "ಇಲ್ಲಿಂದು ಅಳಿಸಿದೆ. ಅದರಾಗಿಂದು ಐತಿ. ಅದೊಂದು ಕಣ್ಣಿಲೆ ನೋಡಿದ್ರ ಸಾಕವಾ. ನಾ ಸುಳ್ಳಾಕಿ ಅಲ್ಲ ಅಂತ ನನಗಽ ತಿಳಿದ್ರ ಸಾಕು."

ಆಮೇಲೆ ನನಗೆ ಅವರ ಪೇಟಿಯ ಹುಚ್ಚು ಅರ್ಥವಾಯಿತು.

ಆಗ ಊರೂರಿಗೆ ನಾಟಕದ ಗೀಳು, ಭಜನೆಯ ಗೀಳು. ಹೊಸ ಪೇಟಿ ಎಲ್ಲರಿಗೂ ಎಟುಕುವಂಥದಲ್ಲ, ಹಳೆಯದನ್ನು ಕೊಳ್ಳುವರು. ಕೊಂಡದ್ದು ಎಂಥದು, ಯಾವ ಕಾಲದ್ದು ಅಂತ ತಿಳಿಯಬೇಕಾದರೆ ಗಜೇಂದ್ರಗಡದ ಅಕ್ಕೋರನ್ನು ಕರೆಸುವರು. ಬರಬರುತ್ತ ಸುತ್ತಲಿನ ಊರುಗಳಲ್ಲಿ ಇದೊಂದು ರೂಢಿಯೇ ಆಯಿತು. ಜತೆಗೆ ಹೆಣ್ಣುಮಗಳು ಒಬ್ಬಳು ಇರಲಿ ಅಂತ ಮಾವ ನನ್ನನ್ನು ಕಳಿಸುತ್ತಿದ್ದರು. ಅತ್ತೆಯ ಗೊಣಗಾಟ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

ಅಬ್ಬಿಗೇರಿಯ ಒಬ್ಬ ಗೌಡರು ಜರ್ಮನಿಯ ಪೇಟಿ ಅಂತ ಹೇಳಿ ಕೊಂಡಿದ್ದರು. ಹಿತ್ತಾಳೆಯ ತಗಡಿನ ಮೇಲೆ ಹೆಸರು ಫಳಫಳ ಹೊಳೆಯುತ್ತಿತ್ತು. ಅಕ್ಕೋರು ಬಾರಿಸಿ ನೋಡುವುದೇ ಇಲ್ಲ ಮೊದಲು. ಬೆರಳಿನ ಗಿಣ್ಣಿನಿಂದ ಹಲಗೆ ತಟ್ಟಿದರು, ಮೂಗು ಹತ್ತಿರ ಒಯ್ದು ವಾಸನೆ ನೋಡಿದರು. ತಗಡಿನ ಬದಿಗೆ ಹಳೆಯ ಸ್ಕ್ರೂಗಳ ತೂತು ಕಂಡವು. "ಗೌಡ್ರ, ಹೆಸರು ಜರ್ಮನೀದು, ಹೊಟ್ಟಿ ಮುಂಬಯೀದು. ಯಾವುದೋ ಪೇಟೀದು ಕಿತ್ತು ಇದಕ್ಕ ಬಡದಾರ" ಅಂದರು. ಗೌಡರ ಮುಖ ಇಳಿಯಿತು. "ಆದ್ರ ಒಳಗಿನ ಸೂರು ಚಲೋ ಅದಾವು. ಹೆಸರು ತಗೊಂಡು ಏನ್ ಹಾಡ್ತೀರಿ?" ಅನ್ನುತ್ತಲೇ ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೂರು ಅಂದರೆ ಒಳಗೆ ಗಾಳಿಗೆ ಮಿಡಿಯುವ ಹಿತ್ತಾಳೆಯ ಪಟ್ಟಿ.

ರೋಣದಲ್ಲಿ ಒಬ್ಬ ಅಂಗಡಿಕಾರರ ಮನೆಯ ಪೇಟಿ ತೆರೆದರೆ ಒಳಗೆ ಇಲಿ ಮರಿ ಹಾಕಿತ್ತು. ಮನೆಗಳ ಅಂಚು ಇನ್ನೂ ಚೂಪಾಗಿತ್ತು, ಬೆರಳೇ ತಾಕಿರಲಿಲ್ಲ. "ಇದಕ್ಕ ವಯಸ್ಸಾಗೈತಿ, ಪ್ರಾಯ ಬಂದಿಲ್ಲ" ಅಂದರು ಅಕ್ಕೋರು. ಸವೆದ ಮನೆ ನೋಡಿ ಹಾಡಿದವರು ಗಂಡಸೋ ಹೆಂಗಸೋ ಹೇಳುತ್ತಿದ್ದರು. ಗಂಡಸರ ಶ್ರುತಿಗೆ ಬಾರಿಸಿದ್ದರೆ ಒಂದು ಕಡೆ ಸವೆತ, ಹೆಂಗಸರ ಶ್ರುತಿಗೆ ಬಾರಿಸಿದ್ದರೆ ಇನ್ನೊಂದು ಕಡೆ. ಅಕ್ಕೋರ ಶ್ರುತಿ ಕರಿ ನಾಲ್ಕು, ಅಂದರೆ ನಾಲ್ಕನೆಯ ಕರಿ ಮನೆ. ಪ್ರತಿ ಪೇಟಿಯಲ್ಲೂ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಕರಿ ನಾಲ್ಕರ ಮೇಲೆ, ಆಮೇಲೆ ಹಲಗೆ ಎತ್ತಿ ಒಳಮೈಗೆ. ಇಲ್ಲ ಅಂತಾದ ಮೇಲೂ ಕರೆದವರ ಮರ್ಯಾದೆಗೆ ಎಲ್ಲ ನೋಡಿ ಹೇಳಿ, ಬಸ್ಸಿನಲ್ಲಿ ಬರುವಾಗ ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು.

ಒಂದು ಶಿಸ್ತು ಇತ್ತು ಅವರದು. ಮುಂಚೆ ಹೇಳಿ ಕಳಿಸದೆ ಯಾರ ಮನೆಯ ಪೇಟಿಯನ್ನೂ ನೋಡಲು ಹೋಗುತ್ತಿರಲಿಲ್ಲ. "ಆಟಕ್ಕ ಮೊದಲ ಡಂಗುರ ಸಾರ್ತಾರ. ಹೇಳದ ಕೇಳದ ಹೋಗಾಕ ನಾವೇನು ಜಪ್ತಿ ಮಾಡಾಕ ಬಂದವರ?" ಅನ್ನುತ್ತಿದ್ದರು. ಕಂಪನಿಯಿಂದ ತಂದ ಟ್ರಂಕಿನಲ್ಲಿ ಏನಿತ್ತೋ ಕಾಣೆ, ಮರ್ಯಾದೆಯನ್ನಂತೂ ಭರ್ತಿ ತಂದಿದ್ದರು.

ನಮ್ಮ ಮನೆಯವರು ಸೀರೆಯ ಗಂಟು ಹೊತ್ತು ಕೊಣ್ಣೂರಿನವರೆಗೆ ವ್ಯಾಪಾರಕ್ಕೆ ಹೋಗುತ್ತಿದ್ದರು. ಒಂದು ಸಲ ಬಂದವರು, ಅಲ್ಲಿ ಒಬ್ಬ ಹುಡುಗ ಭಜನೆಗಂತ ಕಾಲುಪೇಟಿ ಕೊಂಡಿದ್ದಾನೆ, ಮುರಿದ ಕಂಪನಿಯದಂತೆ ಅಂದರು. ಅಕ್ಕೋರ ಕೈಯ ರಾಟೆ ನಿಂತಿತು.

"ಎಡಗಾಲಿನ ಪಾಯಿ ನೋಡಿದ್ರೇನ್ರಿ?"

"ನೋಡಿಲ್ರಿ ಅಕ್ಕೋರ. ಪಾಯಿ ನೋಡಾಕ ನಾ ಸೀರಿ ಮಾರಾವ."

ರೂಢಿಯಂತೆ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿ, ಒಂದು ಸೋಮವಾರ ಹೊರಟೆವು. ರೋಣ ದಾಟಿ ನರಗುಂದ ಹತ್ತಿರ ಬಂದಾಗ ಅಕ್ಕೋರು ಸೆರಗು ತೆಗೆದು ತಲೆಯ ಮೇಲೆ ಹೊದ್ದರು. ಹಣೆಯವರೆಗೂ ಎಳೆದುಕೊಂಡರು. ಅವರನ್ನು ಹಾಗೆ ನಾನು ಕಂಡಿರಲೇ ಇಲ್ಲ.

"ಗಾಳಿ ಹತ್ತಿತೇನ್ರಿ?" ಅಂತ ಚೇಷ್ಟೆ ಮಾಡಿದೆ.

"ಗಂಡನ ಊರವಾ" ಅಂದರು ತಲೆ ತಗ್ಗಿಸಿ.

ಒಳಗೆ ಕಾಲಿಡಲು ಬಿಡದ ಊರು ಅದು. ಬಸ್ಸು ಅದನ್ನು ದಾಟುವವರೆಗೂ ಅವರು ತಲೆ ಎತ್ತಲಿಲ್ಲ. ನನ್ನ ಚೇಷ್ಟೆಗೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನ್ನಿಸಿತು.

ಕೊಣ್ಣೂರಿನ ಮನೆಯವರು ಒಳ್ಳೆಯ ಜನ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ನಾನು ಅವರನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಿದ್ದೇನೆ. ಇಪ್ಪತ್ತರ ಆಚೀಚಿನ ರೈತರ ಹುಡುಗ, ಅವನ ಹೊಸ ಹೆಂಡತಿ. ಅಂಗಳ ಸಾರಿಸಿದ್ದರು. ಕಾಲಿಗೆ ನೀರು, ಬಾಯಿಗೆ ಬೆಲ್ಲ. ಪಡಸಾಲೆಯಲ್ಲಿ ಬಿಳಿಯ ಧೋತರ ಹೊದಿಸಿ ಪೇಟಿಯನ್ನು ಇಟ್ಟಿದ್ದರು.

ಧೋತರ ತೆಗೆದ ಕೂಡಲೇ ಅಕ್ಕೋರು ನೆಲಕ್ಕೆ ಕುಳಿತುಬಿಟ್ಟರು. ಮಾಸ್ತರರ ಎಡಗಾಲು ತುಸು ಸೊಟ್ಟಗಿತ್ತಂತೆ. ಒತ್ತಿ ಒತ್ತಿ ಎಡಗಡೆಯ ಪಾಯಿ ಒಂದೇ ಮೂಲೆಗೆ ಸವೆದು ತಗ್ಗು ಬಿದ್ದಿತ್ತು. ಆ ತಗ್ಗಿನಲ್ಲಿ ಅವರು ಅಂಗೈ ಇಟ್ಟರು. ಕರಿ ನಾಲ್ಕನ್ನೂ ಅವರು ನೋಡಲಿಲ್ಲ. ನಾನು ನೋಡಿದೆ, ಸವೆದಿತ್ತು.

"ಅವರ ಕಾಲು" ಅಂದರು, ನನಗಷ್ಟೇ ಕೇಳುವ ಹಾಗೆ. ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆ ಕಂಡಿಲ್ಲ, ಮುಂದೆಯೂ ಕಾಣಲಿಲ್ಲ. ಆಮೇಲೆ ಹುಡುಗನ ಕಡೆ ತಿರುಗಿ, "ಹಲಗಿ ಎತ್ತಪಾ" ಅಂದರು.

ಅವನು ಎತ್ತಿದ. ಹೊಸ ವಾರ್ನಿಷಿನ ವಾಸನೆ ಗಪ್ಪನೆ ಬಂತು. ಒಳಮೈ ಬೆಳ್ಳಗೆ ಕೆರೆದ ಹಲಗೆಯಾಗಿ ಹೊಳೆಯುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

ಹೊಸ ಹೆಂಡತಿ ಬಾಗಿಲ ಮರೆಯಿಂದ ಮುಂದೆ ಬಂದು ಹೆಮ್ಮೆಯಿಂದ ಹೇಳಿದಳು: "ನೀವು ಬರ್ತೀರಂತ ತಿಳಿದ ಮ್ಯಾಲೆ ಸ್ವಚ್ಛ ಮಾಡಿದ್ವಿರಿ ಅಕ್ಕೋರ. ಅಂಥ ದೊಡ್ಡವರು ಕೈ ಹಾಕಿ ನೋಡ್ತಾರ, ಹೊಲಸು ಹತ್ತಬಾರದಂತ. ಒಳಗ ಯಾರೋ ಕುಂಕುಮ ಮೆತ್ತಿದ್ರು."

ಅಕ್ಕೋರು ಒಳಗೆ ಕೈ ಹಾಕಿ ಉಂಗುರ ಬೆರಳನ್ನು ಆ ತುದಿಯಿಂದ ಈ ತುದಿಯವರೆಗೆ ನಿಧಾನಕ್ಕೆ ಆಡಿಸಿದರು. "ಸಾಲಾಗಿ ಇದ್ದುವೇನವ್ವಾ?"

"ಹೌದ್ರಿ. ಒಂದರ ಬಾಜೂಕ ಒಂದು, ಈ ತುದಿಯಿಂದ. ಹಚ್ಚಿದಾಕಿ ಭಾಳ ಚಂದ ಹಚ್ಚಿದ್ಲರಿ. ಕಟಿಗ್ಯಾಗ ಇಳದಿದ್ವು, ತೊಳದ್ರ ಹೋಗಲಿಲ್ಲ. ಬಡಿಗ್ಯಾರಾವ ಬಂದು ಗಾಜಿನ ಚೂರಿಲೆ ಕೆರದ."

ಆ ಹುಡುಗಿಯ ಬಾಯಿ ಮುಚ್ಚಿಸಲು, ಎಲ್ಲವನ್ನೂ ಒದರಿಬಿಡಲು ಬಾಯಿ ತೆರೆದೆ. ಅಕ್ಕೋರು ಕೆಳಗಿನಿಂದಲೇ ನನ್ನ ಮಣಿಕಟ್ಟು ಹಿಡಿದರು. ಹಿಡಿದುಕೊಂಡೇ ಆ ಹುಡುಗಿಗೆ ಹೇಳಿದರು:

"ಚಲೋ ಮಾಡಿದಿ ತಂಗಿ. ಪೇಟಿಯೊಳಗ ಹೊಲಸು ಇರಬಾರದು."

ಹುಡುಗ ಪಾಪ, ಕಾದಿದ್ದವನು ಕೇಳಿದ: "ಎಲ್ಲೀದ್ರಿ ಇದು? ವಯಸ್ಸೆಷ್ಟಾಗಿರಬೇಕ್ರಿ?"

"ಸೂರು ಪ್ಯಾರಿಸಿಂದು. ಕಟ್ಟಿದ್ದು ಮುಂಬೈದಾಗ. ಹೆಣ್ಣುಮಗಳ ಶ್ರುತಿಗೆ ಬಾರಿಸ್ಯಾರ, ಕರಿ ನಾಲ್ಕು ನೋಡು. ಬಾರಿಸಿದಾವ ದೊಡ್ಡ ಮನಷ್ಯಾ. ವಯಸ್ಸು…" ಅಂದು ನಿಲ್ಲಿಸಿದರು. "ವಯಸ್ಸು ತಿಳಿಯೂದಿಲ್ಲಪಾ. ಗುರುತು ಉಳಿದಿಲ್ಲ."

ಎಷ್ಟೋ ಪೇಟಿಗಳನ್ನು ಅವರ ಜತೆ ನೋಡಿದ್ದೆ. ವಯಸ್ಸು ತಿಳಿಯದು ಅಂತ ಅವರು ಅಂದದ್ದು ಅದೊಂದೇ ಸಲ, ಅದೂ ವರ್ಷ ವರ್ಷವೂ ಗೊತ್ತಿದ್ದ ಪೇಟಿಗೆ.

ಹೊರಡುವಾಗ ಆ ಹುಡುಗಿ ಕುಂಕುಮದ ಬಟ್ಟಲು ತಂದಳು. ನನಗೆ ಹಚ್ಚಿದಳು. ಅಕ್ಕೋರ ಬರಿಯ ಹಣೆಯ ಮುಂದೆ ಅವಳ ಕೈ ನಿಂತಿತು, ಹಿಂದೆ ತೆಗೆಯಲೂ ಆಗದೆ ಮುಂದೆ ಒಯ್ಯಲೂ ಆಗದೆ.

"ನನಗ ಬ್ಯಾಡವಾ, ಪೇಟಿಗೆ ಹಚ್ಚು" ಅಂದರು ಅಕ್ಕೋರು.

"ಎಲ್ಲೆ ಹಚ್ಚಲ್ರಿ?"

ಅಕ್ಕೋರು ಬಗ್ಗಿ ಒಳಮೈಯ ಆ ತುದಿಯಲ್ಲಿ ಉಂಗುರ ಬೆರಳು ಇಟ್ಟರು. "ಇಲ್ಲೆ." ಇಟ್ಟ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ಆ ಹುಡುಗಿ ತಾನು ಏನು ತಪ್ಪು ಮಾಡಿದೆನೋ ಅಂತ ನನ್ನ ಮುಖ ನೋಡಿದಳು. ಬೆರಳು ತೆಗೆದ ಮೇಲೆ ಅವಳು ಅಲ್ಲಿಯೇ ಬೊಟ್ಟು ಇಟ್ಟಳು.

"ಖಂಡೇಪೂಜಿಗೊಮ್ಮೆ ಒಂದೊಂದು ಇಡು, ಬಾಜೂಕ. ಯಾರ ಬರಲಿ, ಅಳಿಸಬ್ಯಾಡ" ಅಂದರು ಅಕ್ಕೋರು.

ಬಸ್ಸಿನಲ್ಲಿ ಅವತ್ತು ಅವರು ಕಿಟಕಿಯ ಕಡೆ ತಿರುಗಲಿಲ್ಲ. ನನ್ನ ಕೈ ಹಿಡಿದುಕೊಂಡೇ ಕುಳಿತರು. ನಾನು ಅಳುತ್ತಿದ್ದೆ, ಅವರೇ ನನ್ನ ಕಣ್ಣು ಒರೆಸಿದರು.

"ನೀ ಕೇಳಿದಿಲ್ಲ, ಆಕಿ ಹೇಳಿದ್ದು? ಸಾಲಾಗಿ ಇದ್ದುವು ಅಂದ್ಲು."

"ಕೇಳೀನ್ರಿ."

"ಚಂದ ಹಚ್ಚಿದ್ಲು ಅಂದ್ಲು."

"ಹೂಂ ರೀ."

"ಯಾರು ನೋಡ್ಯಾರ ಅಂದಿದ್ದ ಅವರಣ್ಣ. ಆಕಿ ನೋಡ್ಯಾಳ, ಆದ್ರ ಆಕಿಗೆ ತಿಳೀದು. ನಿನಗ ತಿಳದೈತಿ. ಇನ್ನ ನೀನಽ ಸಾಕ್ಷಿ." ಆಮೇಲೆ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಕೇಳಿದರು: "ನರಗುಂದ ಬಂತೇನು?"

"ಬಂತ್ರಿ."

ಕಣ್ಣು ತೆರೆಯದೆಯೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ಅದಾದ ಮೇಲೆ ಯಾರು ಕರೆದರೂ ಅವರು ಪೇಟಿ ನೋಡಲು ಹೋಗಲಿಲ್ಲ. ಕಣ್ಣು ಮಂದಾಗಿವೆ ಅನ್ನುತ್ತಿದ್ದರು. ಸೂಜಿಗೆ ದಾರ ಪೋಣಿಸುವುದನ್ನು ನಾನು ದಿನಾ ನೋಡುತ್ತಿದ್ದೆ. ನೆಲದ ಮೇಲೆ ಎಡಗೈ ಆಡುವುದೂ ನಿಂತಿತು. ಹಾಡಿನ ಹುಡುಗಿಯರು ಒಬ್ಬೊಬ್ಬರೇ ಬರುವುದು ಬಿಟ್ಟರು. ನಗು ಮಾತ್ರ ಹಾಗೇ ಇತ್ತು, ಹಾಗಾಗಿ ಮಾವನಿಗೆ ಏನೂ ಗೊತ್ತಾಗಲಿಲ್ಲ. ಆ ನಗು ನನ್ನಿಂದ ಕೇಳಲಾಗುತ್ತಿರಲಿಲ್ಲ. ಒಂದು ದಿನ ತಡೆಯಲಾಗದೆ ಅತ್ತೆಯ ಮುಂದೆ ಎಲ್ಲ ಹೇಳಿದೆ, ಹನುಮಪ್ಪನ ಗುಡಿಯಿಂದ ಹಿಡಿದು ಕೊಣ್ಣೂರಿನ ಗಾಜಿನ ಚೂರಿನವರೆಗೆ. ಅತ್ತೆ ಕೇಳಿ ಎದ್ದು ಹೋದರು. ಮರುದಿನ ಚಹಾದ ಬಸಿ ಮಾತ್ರ ಬೇರೆ ಇರಲಿಲ್ಲ.

ಎರಡು ಮಳೆಗಾಲ ಕಳೆದಿರಬೇಕು. ಒಂದು ಮುಂಜಾನೆ ಖೋಲಿಯ ಬಾಗಿಲು ತೆರೆಯಲಿಲ್ಲ. ಓಣಿಯ ಹೆಂಗಸರು ಕೂಡಿದರು. ಸ್ನಾನ ಮಾಡಿಸಿ ಸೀರೆ ಉಡಿಸುವಾಗ ಪಿಸುಮಾತು ಶುರುವಾಯಿತು. ಯಾರ ಪೈಕಿ ಈಕೆ? ಯಾವ ಪದ್ಧತಿಯಂತೆ ಮಾಡಬೇಕು? ಕಂಪನಿಯಾಕೆಗೆ ಎಂಥ ಪದ್ಧತಿ? ಸಾಕ್ಷಿ ನಾನು. ಹೇಳಬೇಕು ಅಂತ ಬಾಯಿ ತೆರೆದರೆ ಅಳು ಬಂತೇ ಹೊರತು ಮಾತು ಬರಲಿಲ್ಲ.

ಅತ್ತೆ ಮಗ್ಗದ ಮನೆಯಿಂದ ಬಂದರು. ಗುಂಪಿನಲ್ಲಿ ದಾರಿ ಮಾಡಿಕೊಂಡು ತಲೆಯ ಹತ್ತಿರ ಕುಳಿತರು. ಅಕ್ಕೋರ ಹೆಗಲ ಮೇಲಿದ್ದ ಸೆರಗನ್ನು ಬಿಡಿಸಿ ತಲೆಯ ಮೇಲೆ ಹೊದಿಸಿದರು. ಹಣೆಯವರೆಗೂ ಎಳೆದು, ಎರಡೂ ಕೈಯಿಂದ ನೆರಿಗೆ ಸರಿಮಾಡಿದರು.

"ಯಾರ ಪೈಕಿ ಅಂತ ಏನ್ ಕೇಳ್ತೀರೆ?" ಅಂದರು. "ನರಗುಂದದ ಸೊಸಿ. ತಲಿಮ್ಯಾಲೆ ಸೆರಗಿರಲಿ."